ಹಾಕಿದ ಚಿತ್ರಗಳನ್ನೆಲ್ಲ ಅಳಿಸಿಬಿಡಲೇ?

ಪ್ರಶ್ನೆ: ಮೇಡಂ, ನಾನು ಸಾಗರ ತಾಲ್ಲೂಕಿನವಳು, ವಯಸ್ಸು 36. ನಮ್ಮ ದೀವರ ಸಮುದಾಯದ ಮನೆಗಳ ಗೋಡೆಗೆ ಬರೆಯುವ ಹಸೆ ಚಿತ್ತಾರವನ್ನು ದೊಡ್ಡಮ್ಮನಿಂದ ಕಲಿತೆ. ಆ ಗೆರೆಗಳನ್ನೇ ನಂಬಿಕೊಂಡು ಮಕ್ಕಳ ಪುಸ್ತಕಗಳಿಗೆ, ಲಗ್ನಪತ್ರಿಕೆಗಳಿಗೆ ಚಿತ್ರ ಬರೆಯುತ್ತೇನೆ. 2018ರಿಂದ ಇನ್‌ಸ್ಟಾಗ್ರಾಂನಲ್ಲಿ ನಾನೂರಕ್ಕೂ ಹೆಚ್ಚು ಚಿತ್ರ ಹಾಕಿದ್ದೇನೆ. ನನಗೆ ಸಿಕ್ಕಿದ ಕೆಲಸಗಳಲ್ಲಿ ಹೆಚ್ಚಿನವು ಅಲ್ಲಿಂದಲೇ ಬಂದವು. ಈ ವರ್ಷ ಒಂದು ಬಟ್ಟೆ ಅಂಗಡಿಯವರು ಹಂಚಿದ ಕ್ಯಾಲೆಂಡರ್ ನೋಡಿ ಎದೆ ಧಸಕ್ಕೆಂದಿತು. ಸಹಿಯ ಬದಲು ನಾನು ಪ್ರತಿ ಚಿತ್ರದ ಬಲಮೂಲೆಯಲ್ಲಿ ಒಂದು ಪುಟ್ಟ ಅಳಿಲನ್ನು ಬರೆಯುತ್ತೇನೆ. ಕ್ಯಾಲೆಂಡರ್‌ನಲ್ಲೂ ಅದೇ ಮೂಲೆಯಲ್ಲಿ ಅಳಿಲು ಇದೆ, ಅದಕ್ಕೆ ಎರಡು ಬಾಲ! ಕೇಳಿದರೆ, ‘ಎಐನಲ್ಲಿ ಮಾಡಿಸಿದ್ದು, ಅದಕ್ಕೆ ಯಾರ ಹಕ್ಕೂ ಇರುವುದಿಲ್ಲ’ ಎಂದರು. ಅದಾದ ಮೇಲೆ ನಾನು ಹಾಕಿದ ಒಂದು ಚಿತ್ರದ ಕೆಳಗೆ ಯಾರೋ ‘ಇದು ಎಐ ಚಿತ್ರವೇ?’ ಎಂದು ಬರೆದರು. ಅಂದಿನಿಂದ ನಾನು ಏನನ್ನೂ ಹಾಕಿಲ್ಲ. ಎಲ್ಲವನ್ನೂ ಅಳಿಸು ಎನ್ನುತ್ತಾಳೆ ಗೆಳತಿ. ಚಿತ್ರದ ಮೇಲೆ ಹೆಸರಿನ ವಾಟರ್‌ಮಾರ್ಕ್ ಹಾಕಿದರೆ ಸಾಕು ಎನ್ನುತ್ತಾನೆ ತಮ್ಮ. ಭೂಮಿ ಹುಣ್ಣಿಮೆ ಹಬ್ಬದ ಬುಟ್ಟಿಗೆ ದೊಡ್ಡಮ್ಮ ಚಿತ್ತಾರ ಬರೆಯುವ ವಿಡಿಯೊ ಕೂಡ ನನ್ನ ಬಳಿ ಇದೆ. ಅದನ್ನು ಹಾಕಲೇ, ಬೇಡವೇ?

ಉತ್ತರ: ಮೊದಲು ಒಂದು ಮಾತು. ಇವತ್ತು ಏನನ್ನೂ ಅಳಿಸಬೇಡಿ. ಕಾರಣವನ್ನು ಮುಂದೆ ಹೇಳುತ್ತೇನೆ, ಆದರೆ ನಿಮ್ಮ ಪತ್ರ ಓದಿ ಮುಗಿಸಿದ ಕೂಡಲೇ ನನ್ನ ಬಾಯಿಗೆ ಬಂದ ಮಾತು ಇದೇ.

ನಾನು ಇಪ್ಪತ್ತೆರಡು ವರ್ಷಗಳಿಂದ ಬೆಂಗಳೂರಿನಲ್ಲಿ ಕೃತಿಸ್ವಾಮ್ಯದ ಮೊಕದ್ದಮೆಗಳನ್ನು ನೋಡಿಕೊಂಡು ಬಂದಿದ್ದೇನೆ. ಮೊದಲೆಲ್ಲ ಚಿತ್ರಕಾರರು, ಕವಿಗಳು ಬರುತ್ತಿದ್ದದ್ದು ‘ನನ್ನದನ್ನು ಕದ್ದಿದ್ದಾರೆ, ಏನು ಮಾಡಲಿ’ ಎಂದು ಕೇಳಲು. ಕಳೆದ ಎರಡು ಮೂರು ವರ್ಷಗಳಲ್ಲಿ ಪ್ರಶ್ನೆಯೇ ಬದಲಾಗಿದೆ. ಕಳವು ಆಗುವ ಮೊದಲೇ ಬಂದು ‘ಇನ್ನು ಮುಂದೆ ತೋರಿಸಲೇ, ಬೇಡವೇ’ ಎಂದು ಕೇಳುತ್ತಾರೆ. ಬರೆದದ್ದನ್ನು ನಾಲ್ಕು ಜನಕ್ಕೆ ತೋರಿಸಬೇಕೆಂಬ ಆಸೆಯೇ ಬಾಡುತ್ತಿರುವುದನ್ನು ನೋಡಿದರೆ ನನಗೆ ಕಳವಿಗಿಂತ ಹೆಚ್ಚು ಸಂಕಟವಾಗುತ್ತದೆ.

ನಿಮ್ಮ ಪತ್ರದಲ್ಲಿ ಮೂರು ನೋವುಗಳು ಒಂದೇ ಹಗ್ಗವಾಗಿ ಹೊಸೆದುಕೊಂಡಿವೆ. ಹೇಳದೆ ಕೇಳದೆ ನಿಮ್ಮ ಚಿತ್ರಗಳನ್ನು ಯಂತ್ರಕ್ಕೆ ಉಣಿಸಿದ್ದಾರೆಂಬ ಸಂಶಯ ಒಂದು. ಕಣ್ಣೆದುರಿನ ಕ್ಯಾಲೆಂಡರ್ ಇನ್ನೊಂದು. ಕೈಯಾರೆ ಬರೆದದ್ದನ್ನೇ ಯಂತ್ರದ್ದೆಂದು ಅನುಮಾನಿಸಿದ ಆ ಒಂದು ಸಾಲು ಮೂರನೆಯದು. ಮೂರಕ್ಕೂ ಮದ್ದು ಬೇರೆ ಬೇರೆ, ಮತ್ತು ‘ಎಲ್ಲವನ್ನೂ ಅಳಿಸು’ ಎಂಬುದು ಈ ಮೂರರಲ್ಲಿ ಯಾವುದಕ್ಕೂ ಮದ್ದಲ್ಲ.

ಕ್ಯಾಲೆಂಡರ್‌ನಿಂದಲೇ ಶುರು ಮಾಡೋಣ, ಏಕೆಂದರೆ ಅಲ್ಲಿ ನಿಮ್ಮ ಕೈ ಬಲವಾಗಿದೆ. ಎಐ ಚಿತ್ರ ಎಂದಾಕ್ಷಣ ಯಂತ್ರ ಎಲ್ಲೋ ಕಲಿತದ್ದನ್ನು ತಾನೇ ಕಲ್ಪಿಸಿಕೊಂಡು ಬರೆದಿದೆ ಎಂದು ಜನ ಭಾವಿಸುತ್ತಾರೆ. ಆದರೆ ನನ್ನ ಬಳಿ ಬಂದ ಇಂಥ ಪ್ರಕರಣಗಳಲ್ಲಿ ಬಹಳಷ್ಟು ಕಡೆ ನಡೆದದ್ದು ಅದಕ್ಕಿಂತ ಸರಳ. ಡಿಸೈನ್ ಮಾಡುವವರು ಒಂದು ಚಿತ್ರವನ್ನು ಮೊಬೈಲ್‌ಗೆ ಇಳಿಸಿಕೊಂಡು, ಎಐ ಆ್ಯಪ್‌ಗೆ ಕೊಟ್ಟು, ‘ಇದೇ ರೀತಿ ಇನ್ನೊಂದು ಬೇಕು’ ಎಂದಿರುತ್ತಾರೆ. ನಿಮ್ಮ ಅಳಿಲು ಹೇಳುತ್ತಿರುವುದೂ ಬಹುಮಟ್ಟಿಗೆ ಅದನ್ನೇ. ಕೋಟ್ಯಂತರ ಚಿತ್ರಗಳಿಂದ ಕಲಿತ ಯಂತ್ರಕ್ಕೆ ಸಾಗರದ ಒಬ್ಬ ಚಿತ್ರಕಾರ್ತಿಯ ಅಳಿಲನ್ನು, ಅದೂ ಬಲಮೂಲೆಯಲ್ಲೇ ಕೂರಿಸಬೇಕೆಂಬ ಅರಿವು ತಾನಾಗಿ ಬರುವುದು ಕಷ್ಟ. ಮುಂದಿಟ್ಟ ಚಿತ್ರದಲ್ಲಿ ಅಳಿಲು ಇತ್ತು. ಯಂತ್ರ ಅದನ್ನು ಅಲಂಕಾರವೆಂದುಕೊಂಡು ನಕಲು ಮಾಡಿತು, ಬಾಲದ ಗೆರೆಗಳನ್ನು ಎಣಿಸುವಾಗ ತಪ್ಪಿತು. ಲೆಕ್ಕವಿಲ್ಲದಷ್ಟು ಚಿತ್ರಗಳಲ್ಲಿ ಮತ್ತೆ ಮತ್ತೆ ಕಂಡ ಗುರುತನ್ನಾದರೆ ಯಂತ್ರ ತಾನಾಗಿಯೂ ಕಲಿಯುತ್ತದೆ: ಗೆಟ್ಟಿ ಇಮೇಜಸ್ ಎಂಬ ಛಾಯಾಚಿತ್ರ ಸಂಸ್ಥೆಯ ವಾಟರ್‌ಮಾರ್ಕ್ ಸೊಟ್ಟಸೊಟ್ಟಾಗಿ ಎಐ ಚಿತ್ರಗಳ ಮೇಲೆ ಮೂಡಿ, ವಿಷಯ ಲಂಡನ್ನಿನ ನ್ಯಾಯಾಲಯದವರೆಗೆ ಹೋಗಿತ್ತು.

‘ಎಐನಲ್ಲಿ ಮಾಡಿಸಿದ್ದಕ್ಕೆ ಯಾರ ಹಕ್ಕೂ ಇಲ್ಲ’ ಎಂಬ ಅಂಗಡಿಯವರ ಮಾತು ತಪ್ಪು. ಕುಂಚದಿಂದ ನಕಲು ಮಾಡಿದರೂ, ಜೆರಾಕ್ಸ್ ಮಾಡಿದರೂ, ಎಐ ಬಳಸಿದರೂ, ನಿಮ್ಮ ಚಿತ್ರದ ಗಣನೀಯ ಭಾಗ ಅವರ ಚಿತ್ರದಲ್ಲಿದ್ದರೆ ಅದು ಉಲ್ಲಂಘನೆಯೇ. ಅದನ್ನು ಅಚ್ಚು ಹಾಕಿಸಿ ಹಂಚಿದವರು ಅವರು. ಯಂತ್ರದ ಮೇಲೆ ಹೊರೆ ಹೊರಿಸಿ ಜಾರಿಕೊಳ್ಳಲು ಕಾನೂನು ಬಿಡುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 57ನೆಯ ಕಲಂ ನಿಮಗೆ ಇನ್ನೊಂದು ಹಕ್ಕನ್ನೂ ಕೊಡುತ್ತದೆ. ಕೃತಿ ತನ್ನದೆಂದು ಹೇಳಿಕೊಳ್ಳುವ, ತನ್ನ ಗೌರವಕ್ಕೆ ಕುಂದಾಗುವಂತೆ ಅದನ್ನು ವಿರೂಪಗೊಳಿಸಿದರೆ ತಡೆಯುವ ಹಕ್ಕು ಅದು. ಎರಡು ಬಾಲದ ಅಳಿಲನ್ನು ನಾನು ಆ ಕಲಮಿನಡಿ ಧೈರ್ಯವಾಗಿ ವಾದಿಸುತ್ತೇನೆ.

ಈಗ ಅಳಿಸಬೇಡಿ ಎಂದದ್ದೇಕೆ ಎಂದು ಗೊತ್ತಾಗಿರಬಹುದು. ಇನ್‌ಸ್ಟಾಗ್ರಾಂನಲ್ಲಿರುವ ನಿಮ್ಮ ಪೋಸ್ಟ್‌ನ ತಾರೀಕು, ಕ್ಯಾಲೆಂಡರ್‌ಗಿಂತ ಮೊದಲೇ ಆ ಚಿತ್ರ ಇತ್ತೆಂಬುದಕ್ಕೆ ಸಾಕ್ಷಿ. ನನ್ನ ಕಕ್ಷಿದಾರರೊಬ್ಬರು ಸಿಟ್ಟಿನಲ್ಲಿ ಖಾತೆಯನ್ನೇ ಮುಚ್ಚಿ ಆಮೇಲೆ ಬಂದಿದ್ದರು. ಅವರ ಚಿತ್ರ ಮೊದಲು, ನಕಲು ಆಮೇಲೆ ಎಂದು ತೋರಿಸಲು ಹಳೆಯ ವಾಟ್ಸ್‌ಆ್ಯಪ್ ಸಂದೇಶಗಳನ್ನು ಹುಡುಕುತ್ತಾ ತಿಂಗಳು ಕಳೆಯಬೇಕಾಯಿತು. ನೀವು ಇಷ್ಟು ಮಾಡಿ: ಆ ಪೋಸ್ಟ್‌ನ ಚಿತ್ರವನ್ನು ತಾರೀಕು ಕಾಣುವಂತೆ ತೆಗೆದಿಡಿ, ಇಡೀ ಖಾತೆಯ ಮಾಹಿತಿಯನ್ನು ಇಳಿಸಿಕೊಳ್ಳಿ, ಮೂಲ ಕಾಗದವನ್ನೂ ಪೆನ್ಸಿಲಿನ ಕರಡನ್ನೂ ಒಂದು ಫೈಲಿನಲ್ಲಿ ಹಾಕಿ. ಕ್ಯಾಲೆಂಡರ್‌ನ ಒಂದೆರಡು ಪ್ರತಿ ಸಂಪಾದಿಸಿ, ಎಲ್ಲಿ, ಯಾವಾಗ, ಯಾರಿಂದ ಸಿಕ್ಕಿತು ಎಂದು ಅದರ ಬೆನ್ನಿಗೆ ಬರೆದಿಡಿ. ಫೇಸ್‌ಬುಕ್‌ನಲ್ಲಿ ಅಂಗಡಿಯ ಹೆಸರು ಹಾಕಿ ಬೈಯಬೇಡಿ. ಸಿಟ್ಟು ನ್ಯಾಯವೇ, ಆದರೆ ಅವರ ಕಡೆಯಿಂದ ಮಾನನಷ್ಟದ ನೋಟಿಸ್ ಬಂದರೆ ನಿಮ್ಮ ಶಕ್ತಿಯೆಲ್ಲ ಅತ್ತ ಹರಿದುಹೋಗುತ್ತದೆ.

ಆ ಮೇಲೆ ವಕೀಲರ ನೋಟಿಸ್. ಇಂಥ ಪ್ರಕರಣಗಳಲ್ಲಿ ಹೆಚ್ಚಿನವು ಅಲ್ಲಿಗೇ ಇತ್ಯರ್ಥವಾಗುವುದನ್ನು ನಾನು ನೋಡಿದ್ದೇನೆ, ಏಕೆಂದರೆ ಅಂಗಡಿಯವರಿಗೆ ಕ್ಯಾಲೆಂಡರ್‌ಗಿಂತ ಹೆಸರು ಮುಖ್ಯ. ಆಗದಿದ್ದರೆ ದಾವೆ ಹೂಡಬಹುದು. ಅಂಗಡಿಯವರು ಎಲ್ಲಿದ್ದರೂ, ನೀವು ವಾಸಿಸುವ ಜಿಲ್ಲೆಯ ನ್ಯಾಯಾಲಯದಲ್ಲೇ ದಾವೆ ಹೂಡುವ ಅನುಕೂಲವನ್ನು 62ನೆಯ ಕಲಂ ಕೃತಿಕಾರರಿಗೆ ಕೊಟ್ಟಿದೆ. ಖರ್ಚು, ಓಡಾಟ, ವರ್ಷಗಟ್ಟಲೆ ಕಾಯುವುದು ಇವೆಲ್ಲ ಇದ್ದೇ ಇವೆ. ಒಂದು ಕ್ಯಾಲೆಂಡರ್‌ಗಾಗಿ ಅಷ್ಟು ದೂರ ಹೋಗಬೇಕೇ ಎಂಬುದು ನಿಮ್ಮ ನಿರ್ಧಾರ. ಹೋಗದಿದ್ದರೆ ಅದು ಸೋಲಲ್ಲ.

ಇನ್ನು ಜನ ನಂಬಿರುವ ಕೆಲವು ಮಾತುಗಳು. ‘ಇಂಟರ್‌ನೆಟ್‌ಗೆ ಹಾಕಿದ ಮೇಲೆ ಹಕ್ಕು ಹೋಯಿತು’ ಎಂಬುದು ಸುಳ್ಳು. ಚಿತ್ರ ಬರೆದ ಕ್ಷಣದಲ್ಲೇ ಹಕ್ಕು ಹುಟ್ಟುತ್ತದೆ. ನಿಮ್ಮ ಜೀವಮಾನ, ಅದಾದ ಮೇಲೆ 60 ವರ್ಷ ಅದು ಉಳಿಯುತ್ತದೆ. ನೋಂದಣಿ ಕಡ್ಡಾಯವಲ್ಲ. ಖಾತೆ ತೆರೆಯುವಾಗ ನೀವು ಒಪ್ಪಿಕೊಂಡ ಷರತ್ತುಗಳಿಂದ ಆ ಜಾಲತಾಣಕ್ಕೆ ಚಿತ್ರ ಬಳಸುವ ಅನುಮತಿ ಸಿಕ್ಕಿರುತ್ತದೆ, ಬಟ್ಟೆ ಅಂಗಡಿಗೆ ಅಲ್ಲ. ‘ನನ್ನ ಚಿತ್ರಗಳನ್ನು ಎಐಗೆ ಬಳಸಲು ಅನುಮತಿ ಕೊಡುವುದಿಲ್ಲ’ ಎಂಬ ಘೋಷಣೆಯನ್ನು ನಿಮ್ಮ ಖಾತೆಯ ಗೋಡೆಗೆ ಅಂಟಿಸಿಕೊಳ್ಳಿ ಎಂದು ಹೇಳುವ ಸಂದೇಶವೊಂದು 2024ರಲ್ಲಿ ಜಗತ್ತಿನಾದ್ಯಂತ ಹರಿದಾಡಿತು. ಅದರಿಂದ ಕಾಸಿನ ಪ್ರಯೋಜನವೂ ಇಲ್ಲ. ಒಪ್ಪಿಕೊಂಡ ಷರತ್ತನ್ನು ಪೋಸ್ಟ್ ಹಾಕಿ ರದ್ದು ಮಾಡಲು ಆಗುವುದಿಲ್ಲ.

ಕಹಿಯಾದರೂ ಹೇಳಲೇಬೇಕಾದ ಸತ್ಯವೂ ಒಂದಿದೆ. ಶೈಲಿಗೆ ಕೃತಿಸ್ವಾಮ್ಯ ಇಲ್ಲ. ಕಲ್ಪನೆ, ವಸ್ತು, ಶೈಲಿ ಯಾರ ಸ್ವತ್ತೂ ಅಲ್ಲ, ಅದನ್ನು ಅಭಿವ್ಯಕ್ತಿಸಿದ ರೂಪ ಮಾತ್ರ ರಕ್ಷಣೆಗೆ ಅರ್ಹ ಎಂಬ ತತ್ವವನ್ನು ನಮ್ಮ ಸುಪ್ರೀಂ ಕೋರ್ಟ್ 1978ರ ಆರ್.ಜಿ. ಆನಂದ್ ಪ್ರಕರಣದಲ್ಲಿ ಬಿಡಿಸಿ ಹೇಳಿದೆ. 2025ರ ಮಾರ್ಚ್‌ನಲ್ಲಿ ಎಲ್ಲರೂ ತಮ್ಮ ಮನೆಯ ಫೋಟೊಗಳನ್ನು ಜಪಾನಿನ ಘಿಬ್ಲಿ ಸ್ಟುಡಿಯೊದ ಶೈಲಿಗೆ ಬದಲಾಯಿಸಿಕೊಂಡದ್ದು ನೆನಪಿರಬೇಕು. ಆ ನುರಿತ ಕೈಗಳಿಗೆ ಅದು ಎಷ್ಟು ನೋಯಿಸಿದರೂ, ಶೈಲಿಯನ್ನು ಮಾತ್ರ ಹಿಡಿದು ದಾವೆ ಹೂಡುವುದು ಬಹಳ ಕಷ್ಟ. ಹಸೆ ಚಿತ್ತಾರದಲ್ಲಿ ಈ ಮಾತು ಇನ್ನೂ ಆಳಕ್ಕೆ ಇಳಿಯುತ್ತದೆ. ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ, ಪುಂಡಿ ನಾರಿನ ಕುಂಚ, ಆ ಗೆರೆಗಳ ಲೆಕ್ಕಾಚಾರ ಇವೆಲ್ಲ ಹೆಸರು ಬರೆದಿಡದ ಎಷ್ಟೋ ತಲೆಮಾರಿನ ಹೆಂಗಸರ ಆಸ್ತಿ. ಒಬ್ಬ ಕರ್ತೃ, ಒಂದು ಕೃತಿ ಎಂದು ಯೋಚಿಸುವ ನಮ್ಮ ಕಾಯ್ದೆಗೆ ಇಡೀ ಸಮುದಾಯ ಸೇರಿ ಬೆಳೆಸಿದ ಕಲೆಯನ್ನು ಹೇಗೆ ಕಾಯಬೇಕೆಂದು ತಿಳಿದಿಲ್ಲ. ನೀವು ಬರೆದ ಒಂದೊಂದು ಚಿತ್ರ ನಿಮ್ಮದು. ಚಿತ್ತಾರ ಎಂಬುದು ನಿಮ್ಮ ಹೆಸರಿನಲ್ಲಿಲ್ಲ, ಯಂತ್ರದ ಕಂಪನಿಯ ಹೆಸರಿನಲ್ಲೂ ಇಲ್ಲ. ಈ ಕೊರತೆ ನನ್ನನ್ನು ವೃತ್ತಿಜೀವನದುದ್ದಕ್ಕೂ ಕಾಡಿದೆ.

ಈಗ ಮೊದಲನೆಯ ಸಂಶಯಕ್ಕೆ ಬರೋಣ. ಚಿತ್ರ ರಚಿಸುವ ಯಂತ್ರಗಳಿಗೆ ಪಾಠವಾದ ದೊಡ್ಡ ಸಂಗ್ರಹಗಳಲ್ಲಿ ಒಂದು, 2022ರಲ್ಲಿ ಹೊರಬಂದ ಲಯಾನ್-5ಬಿ. ಅದರಲ್ಲಿ ಸುಮಾರು 585 ಕೋಟಿ ಚಿತ್ರಗಳ ಕೊಂಡಿಗಳು, ಪ್ರತಿಯೊಂದರ ಜೊತೆ ಅದನ್ನು ವಿವರಿಸುವ ಮಾತುಗಳು ಇವೆ. ಸಾರ್ವಜನಿಕ ಜಾಲಪುಟಗಳನ್ನು ಗೋರಿ ಹೆಕ್ಕಿದ್ದು. ಯಂತ್ರ ಈ ಚಿತ್ರಗಳನ್ನು ಆಲ್ಬಮ್‌ನಂತೆ ಜೋಡಿಸಿಟ್ಟುಕೊಳ್ಳುವುದಿಲ್ಲ. ಯಾವ ಮಾತಿಗೆ ಯಾವ ಬಗೆಯ ಆಕಾರ, ಬಣ್ಣ ಎಂಬ ಸಂಬಂಧಗಳನ್ನು ಅಂಕಿಗಳಾಗಿ ಉಳಿಸಿಕೊಳ್ಳುತ್ತದೆ. ಆದುದರಿಂದಲೇ ಈಗ ಚಿತ್ರವನ್ನು ಅಳಿಸಿದರೆ ಕಲಿತದ್ದು ಮರೆತುಹೋಗುವುದಿಲ್ಲ. ಹಾಲಿಗೆ ಬಿದ್ದ ಸಕ್ಕರೆಯನ್ನು ತಿರುಗಿ ಹೆಕ್ಕಲು ಆಗುವುದಿಲ್ಲವಲ್ಲ. ಇನ್ನು ಮುಂದೆ ಆಗುವ ತರಬೇತಿಗೆ ಸಿಗದಂತೆ ಮಾಡಬಹುದು, ಅಷ್ಟೇ. ಇನ್‌ಸ್ಟಾಗ್ರಾಂ ನಡೆಸುವ ಮೆಟಾ ಕಂಪನಿ ಸಾರ್ವಜನಿಕ ಪೋಸ್ಟ್‌ಗಳನ್ನು ತನ್ನ ಎಐ ತರಬೇತಿಗೆ ಬಳಸುವುದಾಗಿ ತಾನೇ ಹೇಳಿಕೊಂಡಿದೆ. ಯುರೋಪಿನವರಿಗೆ ಆಕ್ಷೇಪಣೆಯ ಅರ್ಜಿ ಇದೆ, ನಮಗೆ ಅಂಥ ಕಾನೂನಿನ ಬೆಂಬಲವಿಲ್ಲ.

ಇದು ನ್ಯಾಯವೇ ಎಂದು ಕೇಳಿದರೆ, ಕೇಳದೆ ತೆಗೆದುಕೊಂಡದ್ದು ನ್ಯಾಯವಲ್ಲ ಎಂಬುದು ನನ್ನ ಅಭಿಪ್ರಾಯ. ಕಾನೂನುಬಾಹಿರವೇ ಎಂದು ಕೇಳಿದರೆ, ಅದು ಇನ್ನೂ ಕಟಕಟೆಯಲ್ಲಿರುವ ಪ್ರಶ್ನೆ. ಎಎನ್‌ಐ ಸುದ್ದಿಸಂಸ್ಥೆ 2024ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ತಯಾರಿಸಿದ ಓಪನ್‌ಎಐ ವಿರುದ್ಧ ದೆಹಲಿ ಹೈಕೋರ್ಟ್‌ಗೆ ಹೋಯಿತು. ನಮ್ಮ ದೇಶದಲ್ಲಿ ಈ ವಿಷಯದ ಮೊದಲ ದೊಡ್ಡ ಮೊಕದ್ದಮೆ ಅದೇ. 2025ರ ಡಿಸೆಂಬರ್‌ನಲ್ಲಿ ಕೇಂದ್ರದ ಕೈಗಾರಿಕೆ ಮತ್ತು ಆಂತರಿಕ ವ್ಯಾಪಾರ ಉತ್ತೇಜನ ಇಲಾಖೆಯ ಸಮಿತಿ ಒಂದು ಪ್ರಸ್ತಾವ ಮುಂದಿಟ್ಟಿತು. ಅದರ ಪ್ರಕಾರ ಕಂಪನಿಗಳು ನ್ಯಾಯವಾಗಿ ಲಭ್ಯವಿರುವ ಕೃತಿಗಳನ್ನೆಲ್ಲ ತರಬೇತಿಗೆ ಬಳಸಬಹುದು, ಬದಲಿಗೆ ಕೃತಿಕಾರರಿಗೆ ಗೌರವಧನ ಕೊಡಬೇಕು. ಕೃತಿಕಾರರು ‘ಬೇಡ’ ಎನ್ನುವಂತಿಲ್ಲ. ದುಡ್ಡು ಬರುವುದು ಒಳ್ಳೆಯದೇ. ಆದರೆ ಬೇಡ ಎನ್ನುವ ಹಕ್ಕನ್ನೇ ಕಿತ್ತುಕೊಂಡು ಕೊಡುವ ದುಡ್ಡಿನಿಂದ ನಿಮ್ಮಂಥವರ ಭಯ ಹೋಗುತ್ತದೆ ಎಂದು ನನಗೆ ಅನ್ನಿಸುವುದಿಲ್ಲ.

ಅಮೆರಿಕದ ಒಂದು ಪ್ರಕರಣದಿಂದ ನಾವು ಕಲಿಯುವುದಿದೆ. 2025ರಲ್ಲಿ ಆಂಥ್ರೊಪಿಕ್ ಎಂಬ ಎಐ ಕಂಪನಿ ಲೇಖಕರೊಡನೆ 150 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡಿತು. ಪುಸ್ತಕವೊಂದಕ್ಕೆ ಸುಮಾರು 3,000 ಡಾಲರ್. ಪುಸ್ತಕಗಳಿಂದ ಯಂತ್ರಕ್ಕೆ ಕಲಿಸಿದ್ದು ಸರಿ ಎಂದೇ ಅಲ್ಲಿನ ನ್ಯಾಯಾಧೀಶರು ಹೇಳಿದ್ದರು. ಕಳ್ಳಪ್ರತಿಗಳನ್ನು ಇಳಿಸಿಕೊಂಡು ಇಟ್ಟುಕೊಂಡದ್ದು ತಪ್ಪು ಎಂದರು. ಆ ಹಣಕ್ಕೆ ಅರ್ಹರಾದವರು ಅಲ್ಲಿನ ಕೃತಿಸ್ವಾಮ್ಯ ಕಚೇರಿಯಲ್ಲಿ ಸಕಾಲದಲ್ಲಿ ನೋಂದಣಿಯಾಗಿದ್ದ ಪುಸ್ತಕಗಳ ಹಕ್ಕುದಾರರು ಮಾತ್ರ. ಕಾಗದಪತ್ರ ಇಟ್ಟುಕೊಂಡವರಿಗೆ ಆ ಹಣದ ಮೇಲೆ ಹಕ್ಕು ಸಿಕ್ಕಿತು.

ಹಾಗಾಗಿ ನಿಮ್ಮ ಅತಿ ಮುಖ್ಯವಾದ ಹತ್ತಿಪ್ಪತ್ತು ಚಿತ್ರಗಳನ್ನು ನೋಂದಾಯಿಸಿ ಎನ್ನುತ್ತೇನೆ. ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು, ಕಲಾಕೃತಿಯೊಂದಕ್ಕೆ ಶುಲ್ಕ 500 ರೂಪಾಯಿ. ಚಿತ್ರವನ್ನು ಸರಕುಗಳ ಮೇಲೆ ಬಳಸುವುದಾದರೆ 2,000. ಕಡ್ಡಾಯವಲ್ಲದಿದ್ದರೂ, ನ್ಯಾಯಾಲಯದಲ್ಲಿ ಆ ಪ್ರಮಾಣಪತ್ರ ಮೇಲ್ನೋಟದ ಸಾಕ್ಷ್ಯವಾಗಿ ನಿಲ್ಲುತ್ತದೆ.

ಇದಕ್ಕಿಂತ ಮುಖ್ಯವಾದದ್ದು, ಯಾರೂ ಹೇಳದೆ ಬಿಡುವುದು, 17ನೆಯ ಕಲಂ. ಯಾರಾದರೂ ಹಣ ಕೊಟ್ಟು ನಿಮ್ಮಿಂದ ವರ್ಣಚಿತ್ರ ಬರೆಸಿಕೊಂಡರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ಕೃತಿಸ್ವಾಮ್ಯದ ಮೊದಲ ಒಡೆಯರು ಹಣ ಕೊಟ್ಟವರೇ ಆಗಬಹುದು! ಲಗ್ನಪತ್ರಿಕೆಗೂ ಪುಸ್ತಕಕ್ಕೂ ಚಿತ್ರ ಬರೆಯುವ ನೀವು ಇಷ್ಟು ವರ್ಷ ಬಾಯಿಮಾತಿನಲ್ಲೇ ವ್ಯವಹರಿಸಿದ್ದರೆ, ಯಾವ ಯಂತ್ರಕ್ಕಿಂತ ಹೆಚ್ಚಿನ ನಷ್ಟ ಅಲ್ಲಿ ಆಗಿರಬಹುದು. ಇನ್ನು ಮುಂದೆ ಇಮೇಲ್‌ನಲ್ಲಾದರೂ ಸರಿ, ಮೂರು ಸಾಲು ಬರೆದು ಅವರ ಒಪ್ಪಿಗೆ ಪಡೆಯಿರಿ: ಕೃತಿಸ್ವಾಮ್ಯ ನನ್ನಲ್ಲೇ ಉಳಿಯುತ್ತದೆ, ಇಂಥ ಪುಸ್ತಕದ ಇಷ್ಟು ಪ್ರತಿಗಳಿಗೆ ಮಾತ್ರ ಅನುಮತಿ, ಈ ಚಿತ್ರಗಳನ್ನು ಎಐ ತರಬೇತಿಗಾಗಲಿ ಎಐ ಮೂಲಕ ಹೊಸ ಚಿತ್ರ ಮಾಡಿಸಲಿಕ್ಕಾಗಲಿ ಬಳಸುವಂತಿಲ್ಲ.

ತೋರಿಸುವ ಬಗೆಯಲ್ಲಿ ಏನು ಬದಲಿಸಬಹುದು? ತಮ್ಮನ ವಾಟರ್‌ಮಾರ್ಕ್ ಕೆಟ್ಟ ಸಲಹೆಯಲ್ಲ, ಆದರೆ ಅದು ಬೀಗವಲ್ಲ. ಮೂಲೆಯಲ್ಲಿರುವುದನ್ನು ಎಐ ಕ್ಷಣದಲ್ಲಿ ಅಳಿಸುತ್ತದೆ. ಆದರೂ ಹಾಕಿ: ಹೆಸರನ್ನು ಉದ್ದೇಶಪೂರ್ವಕವಾಗಿ ಅಳಿಸಿದ್ದಾರೆ ಎಂದು ತೋರಿಸಿದರೆ ನಕಲು ಮಾಡಿದವರ ‘ಗೊತ್ತಿರಲಿಲ್ಲ’ ಎಂಬ ಮಾತು ನಿಲ್ಲುವುದಿಲ್ಲ. ಚಿತ್ರದ ಅಗಲ 1080 ಪಿಕ್ಸೆಲ್ ದಾಟದಿರಲಿ. ಅಚ್ಚುಕಟ್ಟಾಗಿ ಮುದ್ರಿಸಿದರೆ ಅದು ಒಂಬತ್ತು ಸೆಂಟಿಮೀಟರ್ ಆಗುತ್ತದೆ, ಕ್ಯಾಲೆಂಡರ್‌ಗೆ ಸಾಲದು. ಚಿತ್ರವನ್ನು ಹಿಗ್ಗಿಸುವ ಎಐ ಸಾಧನಗಳು ಬಂದಿರುವುದರಿಂದ ಇದೂ ಅರ್ಧ ರಕ್ಷಣೆಯೇ. ಷಿಕಾಗೊ ವಿಶ್ವವಿದ್ಯಾಲಯದವರು 2023ರಲ್ಲಿ ಗ್ಲೇಜ್, ಮರುವರ್ಷ ನೈಟ್‌ಶೇಡ್ ಎಂಬ ತಂತ್ರಾಂಶಗಳನ್ನು ಹೊರತಂದರು. ನಮ್ಮ ಕಣ್ಣಿಗೆ ಸುಲಭವಾಗಿ ಕಾಣದ ಬದಲಾವಣೆಗಳನ್ನು ಚಿತ್ರದೊಳಗೆ ಸೇರಿಸಿ ಯಂತ್ರದ ದಾರಿ ತಪ್ಪಿಸುತ್ತವೆ. ಒಳ್ಳೆಯ ಪ್ರಯತ್ನ, ಉಚಿತ ಕೂಡ. ಆದರೆ ನಿಮ್ಮ ಚಿತ್ತಾರದಂತೆ ಒಂದೇ ಬಣ್ಣದ ವಿಶಾಲ ಹಿನ್ನೆಲೆ ಇದ್ದಲ್ಲಿ ಆ ಬದಲಾವಣೆ ಕಲೆಗಳಂತೆ ಎದ್ದು ಕಾಣುತ್ತದೆ. ಇಂಥ ರಕ್ಷಣೆಯನ್ನು ತೆಗೆದುಹಾಕುವ ವಿಧಾನಗಳನ್ನೂ ಸಂಶೋಧಕರು ತೋರಿಸಿಕೊಟ್ಟಿದ್ದಾರೆ. ಖಾತೆಯನ್ನು ಖಾಸಗಿ ಮಾಡಿಕೊಂಡರೆ ಹೊಸ ಚಿತ್ರಗಳು ತರಬೇತಿಯಿಂದ ಬಹುಮಟ್ಟಿಗೆ ದೂರ ಉಳಿಯುತ್ತವೆ, ಹೊಸ ಗಿರಾಕಿಯೂ ದೂರ ಉಳಿಯುತ್ತಾರೆ. ನಿಮ್ಮ ಕೆಲಸ ಬರುವುದೇ ಅಲ್ಲಿಂದ ಎಂದಿದ್ದೀರಿ. ಹಾಗಾಗಿ ಖಾತೆ ತೆರೆದೇ ಇರಲಿ, ಆದರೆ ನಾನೂರು ಚಿತ್ರ ಬೇಕಿಲ್ಲ. ನಿಮ್ಮ ಕೈಯನ್ನು ತೋರಿಸುವ ಮೂವತ್ತು ಸಾಕು. ಉಳಿದವನ್ನು ಅಳಿಸದೆ ಆರ್ಕೈವ್‌ಗೆ ಸರಿಸಿ. ತಾರೀಕು ಉಳಿಯುತ್ತದೆ, ಹೊರಗಿನವರಿಗೆ ಕಾಣುವುದಿಲ್ಲ.

ಏನನ್ನೂ ಹಾಕುವುದಿಲ್ಲ ಎಂದು ನೀವು ತೀರ್ಮಾನಿಸಿದರೂ ಅದನ್ನು ಹೇಡಿತನ ಎನ್ನುವವರ ಮಾತು ಕೇಳಬೇಡಿ. ಜಗತ್ತಿನೆಲ್ಲೆಡೆ ಜನ ಹಿಂದೆ ಸರಿಯುತ್ತಿದ್ದಾರೆ. 2022ರ ಡಿಸೆಂಬರ್‌ನಲ್ಲಿ ಆರ್ಟ್‌ಸ್ಟೇಷನ್ ತಾಣದ ಚಿತ್ರಕಾರರು ತಮ್ಮ ಪುಟಗಳನ್ನೆಲ್ಲ ‘ಎಐ ಬೇಡ’ ಎಂಬ ಫಲಕದಿಂದ ತುಂಬಿಸಿದರು. 2024ರ ಜೂನ್‌ನಲ್ಲಿ ಇನ್‌ಸ್ಟಾಗ್ರಾಂ ತೊರೆದ ಕಲಾವಿದರು ಕಾರಾ ಎಂಬ ಹೊಸ ತಾಣಕ್ಕೆ ಒಂದೇ ವಾರದಲ್ಲಿ ಲಕ್ಷಗಟ್ಟಲೆ ಹೋದರು. ತೋರಿಸುವುದರ ಹಿಂದೆ ಒಂದು ಅಲಿಖಿತ ಕರಾರು ಇತ್ತು: ನಾನು ಚಿತ್ರ ಕೊಡುತ್ತೇನೆ, ನೀವು ನನ್ನನ್ನು ಗುರುತಿಸುತ್ತೀರಿ. ಚಿತ್ರ ಮಾತ್ರ ಹೋಗಿ ಗುರುತು ತಿರುಗಿ ಬಾರದಾದಾಗ ಮನಸ್ಸು ಮುದುಡುತ್ತದೆ. ಅದರಲ್ಲಿ ನಿಮ್ಮ ತಪ್ಪಿಲ್ಲ.

‘ಇದು ಎಐ ಚಿತ್ರವೇ?’ ಎಂಬ ಸಾಲು ನಿಮ್ಮನ್ನು ಕ್ಯಾಲೆಂಡರ್‌ಗಿಂತ ಹೆಚ್ಚು ನೋಯಿಸಿದೆ ಎಂದು ಪತ್ರ ಓದಿದಾಗಲೇ ತಿಳಿಯಿತು. ಕ್ಯಾಲೆಂಡರ್ ಬಂದ ಮೇಲೂ ನೀವು ಚಿತ್ರ ಹಾಕಿದ್ದೀರಿ, ನಿಲ್ಲಿಸಿದ್ದು ಆ ಸಾಲಿನ ನಂತರ. ಎಐ ಪತ್ತೆ ಮಾಡುವ ಸಾಧನಗಳಿಂದ ಚಿತ್ರವನ್ನು ಪರೀಕ್ಷಿಸಿ ಉತ್ತರ ಕೊಡಲು ಹೋಗಬೇಡಿ, ಅವು ನಂಬಿಕೆಗೆ ಅರ್ಹವಲ್ಲ. ಓಪನ್‌ಎಐ ಕಂಪನಿ ಬರವಣಿಗೆಯನ್ನು ಪತ್ತೆ ಮಾಡಲು ತಾನೇ ತಂದ ಸಾಧನವನ್ನು, ನಿಖರತೆ ಸಾಲದೆಂದು 2023ರ ಜುಲೈನಲ್ಲಿ ಹಿಂತೆಗೆದುಕೊಂಡಿತು. ಜಗಳವೂ ಬೇಡ. ಮುಂದಿನ ಚಿತ್ರದ ಜೊತೆಗೆ ಅದರ ಪೆನ್ಸಿಲ್ ಕರಡು, ತಿದ್ದಿದ ಗೆರೆ, ಕುಂಚ ಹಿಡಿದ ಕೈಯ ಹತ್ತು ಸೆಕೆಂಡಿನ ತುಣುಕು ಹಾಕಿ. ನನ್ನ ಕಕ್ಷಿದಾರರಲ್ಲಿ ಒಬ್ಬ ವ್ಯಂಗ್ಯಚಿತ್ರಕಾರರು ಹೀಗೆ ಮಾಡತೊಡಗಿದ ಮೇಲೆ, ಮುಗಿದ ಚಿತ್ರಕ್ಕಿಂತ ಕರಡನ್ನೇ ಜನ ಹೆಚ್ಚು ಹೊತ್ತು ನೋಡುತ್ತಾರೆ ಎಂದರು. ಆ ಕರಡು ನಾಳೆ ನ್ಯಾಯಾಲಯದಲ್ಲಿ ನಿಮ್ಮ ಸಾಕ್ಷಿಯೂ ಆಗುತ್ತದೆ.

ಕೊನೆಗೆ ದೊಡ್ಡಮ್ಮನ ವಿಡಿಯೊ. ಹಸೆ ಚಿತ್ತಾರದ ಚಿತ್ರಗಳು ಅಂತರ್ಜಾಲದಲ್ಲಿ ಬಹಳ ಕಡಿಮೆ. ಇರುವ ಕೆಲವೇ ಚಿತ್ರಗಳಿಂದ ಯಂತ್ರ ಕಲಿಯುವುದರಿಂದ, ನೀವು ಹಾಕುವ ಒಂದೊಂದಕ್ಕೂ ತೂಕ ಹೆಚ್ಚು. ಹಾಕದಿದ್ದರೆ, ಸೊಟ್ಟ ಗೆರೆಯ ಎಐ ಚಿತ್ತಾರವೇ ಚಿತ್ತಾರವೆಂದು ಜನ ನಂಬುವ ಅಪಾಯವೂ ಇದೆ. ನನ್ನ ಮನಸ್ಸು ಹಾಕಿ ಎನ್ನುತ್ತದೆ. ಆದರೆ ಬುಟ್ಟಿಯ ಮೇಲಿನ ಚಿತ್ತಾರ ಬರೆದವರು ನಿಮ್ಮ ದೊಡ್ಡಮ್ಮ, ಅದರ ಕೃತಿಸ್ವಾಮ್ಯ ಅವರದು, ನಿಮ್ಮದಲ್ಲ. ವಿಡಿಯೊ ತೆಗೆಯುವಾಗ ಅವರು ಬೇಡ ಎನ್ನಲಿಲ್ಲ ಎಂಬುದು ಒಪ್ಪಿಗೆಯಾಗುವುದಿಲ್ಲ. ಪಕ್ಕದಲ್ಲಿ ಕುಳಿತು, ಇದನ್ನು ಎಲ್ಲಿ ಹಾಕುತ್ತೇನೆ, ಯಾರೆಲ್ಲ ನೋಡಬಹುದು, ಯಂತ್ರವೂ ಇದರಿಂದ ಕಲಿಯಬಹುದು ಎಂಬುದನ್ನು ಅವರಿಗೆ ತಿಳಿಯುವಂತೆ ಹೇಳಿ. ಬೇಡ ಎಂದರೆ ಮನೆಯವರ ಮೊಬೈಲ್‌ನಲ್ಲೇ ಇರಲಿ. ಸರಿ ಎಂದರೆ, ಮೊದಲ ಸಾಲಿನಲ್ಲಿ ಅವರ ಹೆಸರು, ಊರು, ಬರೆದ ವರ್ಷ ಹಾಕಿ, ಆಮೇಲೆ ನಿಮ್ಮದು. ಕ್ಯಾಲೆಂಡರ್‌ನ ಪ್ರತಿಯನ್ನೂ ನಿಮ್ಮ ಅಳಿಲಿನ ಮೂಲ ಚಿತ್ರವನ್ನೂ ಅಕ್ಕಪಕ್ಕ ಇಟ್ಟು ಒಂದು ಫೋಟೊ ತೆಗೆದು ನನಗೆ ಕಳುಹಿಸಿ, ನೋಟಿಸಿನ ಕರಡನ್ನು ನಾನೇ ಬರೆದುಕೊಡುತ್ತೇನೆ.